ಗಾಜು ಇಳಿಸದ ದೊರೆಸ್ವಾಮಿ

ಚಾಮರಾಜಪೇಟೆಯ ದೊರೆಸ್ವಾಮಿ ಮೂವತ್ತೊಂದು ವರ್ಷ ಜೀಪು ಓಡಿಸಿದ್ದು ಬಾಯಿಯಿಂದ. ಸ್ಟೀರಿಂಗ್ ಹಿಡಿದದ್ದು ಕೈಯೇ, ಇಲ್ಲವೆನ್ನುವುದಿಲ್ಲ. ಆದರೆ ದಾರಿ ಹುಡುಕಿದ್ದೆಲ್ಲ ಬಾಯಿ. ಮೊಬೈಲ್ ಟವರ್ ರಿಪೇರಿ ಮಾಡುವ ಒಂದು ಕಂಪನಿಗೆ ಅವನ ಜೀಪು ಬಾಡಿಗೆಗೆ ಹೋಗುತ್ತಿತ್ತು. ಟವರುಗಳು ಇರುವುದು ಗುಡ್ಡದ ನೆತ್ತಿಯಲ್ಲಿ. ಕೆಟ್ಟ ಟವರಿನ ಸುತ್ತಮುತ್ತ ಸಿಗ್ನಲ್ ಇರುವುದಿಲ್ಲವಾದ್ದರಿಂದ ಫೋನಿನ ನಕ್ಷೆ ಬೇಕಾದ ಹೊತ್ತಿಗೆ ಸರಿಯಾಗಿ ಕೈಕೊಡುತ್ತಿತ್ತು. ದೊರೆಸ್ವಾಮಿಗೆ ಅದರಿಂದ ಖುಷಿಯೇ. ಗಾಜು ಇಳಿಸಿ, ಮೊಣಕೈ ಹೊರಗಿಟ್ಟು, ಎದುರು ಸಿಕ್ಕವರನ್ನೆಲ್ಲ ಮಾತಾಡಿಸುತ್ತಿದ್ದ. ದಾರಿ ಹೇಳಿದವರಿಗೆ ಒಂದು ತುಂಡು ಕಡ್ಲೆಮಿಠಾಯಿ. ಅದರ ಡಬ್ಬ ಸದಾ ಗೇರಿನ ಪಕ್ಕದಲ್ಲಿ ಇರುತ್ತಿತ್ತು. ದಾರಿ ತೋರಿಸಿದವರನ್ನು ಬರಿಗೈಯಲ್ಲಿ ಕಳಿಸಬಾರದು ಎಂಬುದು, ಅವನಿಗೆ ಗಾಡಿ ಕಲಿಸಿದ ಅಪ್ಪ ಶಿವಲಿಂಗಯ್ಯ ಹಾಕಿಕೊಟ್ಟ ಪದ್ಧತಿ.

ಆ ಡಬ್ಬವೇ ಅವನ ಹಲ್ಲು ಉದುರಿಸಿತು.

ಎಂಟು ತಿಂಗಳ ಹಿಂದಿನ ಮಾತು. ಜೊತೆಯಲ್ಲಿದ್ದವನು ಟವರ್ ಹತ್ತುವ ಟೆಕ್ನಿಷಿಯನ್ ಕೇದಾರ್. ಊರಿನ ಹೆಸರು ಬೇಡ, ಹಾಗೆ ಹೊಡೆಯುವ ಜನ ಯಾವ ಊರಿನಲ್ಲೂ ಸಿಗುತ್ತಾರೆ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳು ವಿಡಿಯೋ ಒಂದು, ಟವರ್ ಕೆಡುವ ಮುಂಚೆಯೇ ಅಲ್ಲಿನ ಎಲ್ಲರ ಫೋನಿಗೂ ಬಂದು ಕೂತಿತ್ತು. ಇವರಿಗೆ ಅದು ಗೊತ್ತಿಲ್ಲ. ದೊರೆಸ್ವಾಮಿ ಬೀದಿಯಲ್ಲಿ ಆಡುತ್ತಿದ್ದ ಎಂಟು ವರ್ಷದ ಹುಡುಗಿಯನ್ನು ಗುಡ್ಡದ ದಾರಿ ಕೇಳಿದ. ಅವಳು ಕೈ ತೋರಿಸಿದಳು. ಇವನು ಮಿಠಾಯಿ ಕೊಟ್ಟ.

ಹಿಂದಿನಿಂದ ಯಾರೋ ಕೂಗಿಕೊಂಡರು. ಮೊದಲ ದೊಣ್ಣೆ ತೆರೆದ ಕಿಟಕಿಯಿಂದಲೇ ಒಳಗೆ ಬಂದು ದವಡೆಗೆ ಬಿತ್ತು. ಕಾಲರ್ ಹಿಡಿದು ಕಿಟಕಿಯಿಂದಲೇ ಹೊರಗೆಳೆದರು. ಗುದ್ದಲಿ ಕಾವು, ಕಲ್ಲು, ಚಪ್ಪಲಿ, ಸಿಕ್ಕಿದ್ದರಲ್ಲೆಲ್ಲ ಬಾರಿಸಿ ಇಬ್ಬರನ್ನೂ ಹಣ್ಣುಗಾಯಿ ನೀರುಗಾಯಿ ಮಾಡಿದರು. ಕೇದಾರ್ ಕಂಪನಿಯ ಗುರುತಿನ ಚೀಟಿ ಎತ್ತಿ ತೋರಿಸಿದ; ಎತ್ತಿದ ಆ ಕೈಯನ್ನೇ ಮುರಿದರು. ಆಮೇಲೆ ಒಂದು ಕಲ್ಲು ಅವನ ಎಡಗಣ್ಣಿಗೆ ಬಿತ್ತು. ಹೊಡೆಯಲು ಜಾಗ ಸಿಗದವರು ವಿಡಿಯೋ ಮಾಡಿಕೊಂಡರು.

ದೊರೆಸ್ವಾಮಿಯ ಕಣ್ಣಿಗೆ ಇಂದಿಗೂ ಕಟ್ಟಿದಂತಿರುವುದು ಆ ಏಟುಗಳಲ್ಲ. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಒಬ್ಬ ಮುದುಕಿ. ಇವನು ದಾರಿ ಕೇಳಿದ್ದನ್ನು ಅವಳು ಕಿವಿಯಾರೆ ಕೇಳಿದ್ದಳು. "ಅಮ್ಮಾ, ನೀವಾದ್ರೂ ಹೇಳಿ" ಎಂದು ಮಣ್ಣಿನಲ್ಲಿ ಬಿದ್ದು ಅಂಗಲಾಚಿದ. ಅವಳು ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಪೊಲೀಸರು ಬರುವವರೆಗೂ ಆ ಬಾಗಿಲು ತೆರೆಯಲಿಲ್ಲ. ಎಂಟು ತಿಂಗಳು ಅವನು ಶಪಿಸಿದ್ದು ಹೊಡೆದವರನ್ನಲ್ಲ, ಅವಳನ್ನು.

ಕೇದಾರನ ಕಣ್ಣು ಉಳಿಯಲಿಲ್ಲ. ಆಸ್ಪತ್ರೆಯ ಮಂಚದಿಂದ ಅವನು ಹೇಳಿದ್ದು ಇಷ್ಟೇ: "ಇನ್ಮೇಲೆ ಯಾರನ್ನೂ ಕೇಳೋದ್ ಬೇಡ ದೊರೆಯಣ್ಣ. ಒಳ್ಳೇ ಜಿಪಿಎಸ್ ಹಾಕ್ಸಿ, ಗಾಜು ಏರಿಸ್ಕೊಂಡು ಹೋಗ್ತಾ ಇರಿ." ಕಣ್ಣು ಕಳೆದುಕೊಂಡವನ ಮಾತು. ದೊರೆಸ್ವಾಮಿ ಅದನ್ನು ವ್ರತದ ಹಾಗೆ ಹಿಡಿದ. ಜೀಪಿನ ಗಾಜು ಮತ್ತೆ ಇಳಿಯಲಿಲ್ಲ. ಮಿಠಾಯಿ ಡಬ್ಬ ಇದ್ದ ಜಾಗಕ್ಕೆ ವೀಲ್ ಸ್ಪ್ಯಾನರ್ ಬಂತು.

ಸೋಮವಾರದಿಂದ ಮತ್ತೆ ಗುಡ್ಡದ ಕೆಲಸ ಎಂದು ಕಂಪನಿಯಿಂದ ಫೋನ್ ಬಂದಾಗ, ಶನಿವಾರ ಬೆಳಗ್ಗೆಯೇ ಜೆ.ಸಿ. ರೋಡಿನ ಮನೋಹರನ ಅಂಗಡಿಗೆ ಹೋದ. ಮನೋಹರ್ ಪೇಟೆಯ ಹಳೆಯ ವ್ಯಾಪಾರಸ್ಥರ ಮನೆತನದವನು. ಹಣೆಯಲ್ಲಿ ವಿಭೂತಿ, ನಾಲಿಗೆಯಲ್ಲಿ ಬೆಲ್ಲ. ಗಾಜಿನ ಕಟ್ಟೆಯ ಮೇಲೆ ಮೂರು ಜಿಪಿಎಸ್ ಜೋಡಿಸಿಟ್ಟ.

"ಇದು ದೊಡ್ಡ ಸ್ಕ್ರೀನು. ಸಿಟಿಲಿ ಎಲ್ಲಿ ಟ್ರಾಫಿಕ್ ಇದೆ, ಎಲ್ಲಿ ರಸ್ತೆ ಮುಚ್ಚವ್ರೆ, ಎಲ್ಲ ಹೇಳುತ್ತೆ. ಆದ್ರೆ ನೆಟ್ ಬೇಕು."

"ನೆಟ್ ಇಲ್ದಿದ್ರೆ?"

"ಮುಖ ನೋಡ್ಕೊಳೋಕೆ ಕನ್ನಡಿ ಆಗುತ್ತೆ. ಬೇಡ ಅಂದ್ರೆ ಈ ಎರಡ್ನೇದು ತಗೊಳಿ, ನಕ್ಷೆ ಒಳಗೇ ತುಂಬಿದೆ, ನೆಟ್ ಬೇಡ, ಬೆರಳಲ್ಲಿ ಮುಟ್ಟಿದ್ರೆ ಸಾಕು. ಇನ್ನು ಈ ಚಿಕ್ಕದು ಗುಡ್ಡ ಕಾಡು ಸುತ್ತೋರ್ದು. ಬಟನ್ ಒತ್ಬೇಕು. ನೀವು ಹೋದ ದಾರಿನ ಗೆರೆ ಎಳ್ದಿಟ್ಕೊಂಡು ಅದೇ ದಾರೀಲಿ ವಾಪಸ್ ಕರ್ಕೊಂಡ್ ಬರುತ್ತೆ. ಸಿಟಿಗೆ ಮಾತ್ರ ಸ್ವಲ್ಪ ಮಂದ. ನಿನ್ನೆ ಅಗೆದ ರಸ್ತೆ ಇದಕ್ಕೆ ಗೊತ್ತಾಗಲ್ಲ."

ದೊರೆಸ್ವಾಮಿ ಬೆಲೆ ಕೇಳಲಿಲ್ಲ, ಗ್ಯಾರಂಟಿ ಕೇಳಲಿಲ್ಲ. ಎಡಗಣ್ಣು ಮುಚ್ಚಿಕೊಂಡು ಮೂರನ್ನೂ ಓದಿ ನೋಡಿದ. ಕಟ್ಟೆಯ ಮೇಲಿದ್ದ ನೀರಿನ ಲೋಟಕ್ಕೆ ಬೆರಳು ಅದ್ದಿ ಒಂದೊಂದನ್ನೇ ಮುಟ್ಟಿದ. ಮುಟ್ಟುವ ಎರಡೂ ಸ್ಕ್ರೀನುಗಳು ಒದ್ದೆ ಬೆರಳಿಗೆ ತಡಬಡಾಯಿಸಿ ಎಲ್ಲೆಲ್ಲೋ ಜಿಗಿದವು.

"ಕೈಯೆಲ್ಲ ರಕ್ತ ಆಗಿದ್ರೆ ಇದು ಕೆಲ್ಸ ಮಾಡುತ್ತಾ?" ಎಂದು ಚಿಕ್ಕದನ್ನು ತೋರಿಸಿ ಕೇಳಿದ.

ಮನೋಹರ್ ಬಿಲ್ ಪುಸ್ತಕದ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಅವನಿಗೆ ಆ ಊರಿನ ಕಥೆ ಗೊತ್ತಿತ್ತು. "ಮಾಡುತ್ತೆ ಅಣ್ಣ, ಬಟನ್ ಅಲ್ವಾ" ಎಂದ ಮೆಲ್ಲಗೆ. ತಾನೇ ಹೋಗಿ ಅದನ್ನು ಜೀಪಿನ ಮುಂಗಾಜಿನ ಕೆಳಗೆ ಕೂರಿಸಿ, "ಒಂದು ಸುತ್ತು ಓಡಿಸಿ ನೋಡಿ" ಎಂದು ಹೇಳಿ ಅಂಗಡಿಯ ಬಾಗಿಲಿಗೆ ಮರಳಿದ.

ದೊರೆಸ್ವಾಮಿ ಒಳಗೆ ಕೂತು, ತಲೆ ಬಗ್ಗಿಸಿ ಬಟನ್ ಒತ್ತುತ್ತಿದ್ದ. ಗಾಜಿಗೆ ಯಾರೋ ಟಕಟಕನೆ ಬಡಿದರು. ತಿರುಗಿದರೆ ಗಾಜಿಗೆ ಒತ್ತಿಕೊಂಡ ಒಂದು ಮುಖ, ಏನೋ ಹೇಳುತ್ತಿರುವ ಬಾಯಿ, ಅದರ ಹಿಂದೆ ಜನ. ಅವನ ಪಾಲಿಗೆ ಜೆ.ಸಿ. ರೋಡು ಅಲ್ಲಿರಲಿಲ್ಲ, ಆ ಊರಿನ ಬೀದಿ ಇತ್ತು. ಸ್ಪ್ಯಾನರ್ ಯಾವಾಗ ಕೈಗೆ ಬಂತೋ, ಬಾಗಿಲನ್ನು ಯಾವಾಗ ಒದ್ದನೋ ತಿಳಿಯದು. ಬೀಸಿದ. ಕಬ್ಬಿಣ ಎಲುಬಿಗೆ ತಾಗಿದ ಸದ್ದು ಚೆನ್ನಾಗಿ ಕೇಳಿಸಿತು. ಮತ್ತೊಮ್ಮೆ ಬೀಸಿದ. ಎದುರಿಗಿದ್ದವರು ಫುಟ್‌ಪಾತಿನ ಮೇಲೆ ಕುಸಿದರು.

ಆಮೇಲೆ ನೋಡಿದ. ಅರವತ್ತು ದಾಟಿದ ಹಿರಿಯರು, ಬಿಳಿ ಪಂಚೆ. ಬಟ್ಟೆ ಚೀಲದಿಂದ ಲಗ್ನಪತ್ರಿಕೆಗಳು ಜಾರಿ ಬಿದ್ದಿದ್ದವು. ಪೊಟ್ಟಣ ಒಡೆದು ಅರಿಸಿನದ ಅಕ್ಷತೆ ಚೆಲ್ಲಿತ್ತು. ಹುಬ್ಬು ಸೀಳಿ ರಕ್ತ ಅವರ ಎಡಗಣ್ಣಿಗೆ ಇಳಿಯುತ್ತಿತ್ತು. "ವೈಯಾಲಿಕಾವಲ್ ಬಸ್ಸು ಎಲ್ಲಿ ನಿಲ್ಲುತ್ತೆ ಅಂತ ಕೇಳ್ದೆ" ಎಂದರು. ಹೊಡೆದಿದ್ದಕ್ಕೆ ಕಾರಣ ತಮ್ಮಲ್ಲೇ ಏನೋ ಇರಬೇಕು ಎಂಬಂತಿತ್ತು ಅವರ ದನಿ.

ಅಷ್ಟರಲ್ಲಿ ನಲವತ್ತು ಜನ ಸೇರಿದ್ದರು. ಹೊಡೆದವನನ್ನು ಯಾಕೆ ಹೊಡೆದೆ ಎಂದು ಒಬ್ಬನೂ ಕೇಳಲಿಲ್ಲ. ದೊರೆಸ್ವಾಮಿ ದಿನಾ ಕಾಣುವ ಮುಖ, ಬಿದ್ದವರು ಎಲ್ಲಿಯವರೋ.

"ಏನ್ ಕದ್ದ ಗುರು ಇವ್ನು?"

"ಮೊಬೈಲ್ ಎಗರಿಸಿರ್ತಾನೆ, ಹಾಕು ನಾಲ್ಕು."

ಒಬ್ಬ ಅವರ ಬೆನ್ನಿಗೆ ಒದ್ದ. ಇನ್ನೊಬ್ಬ ಸೊಂಟದ ಬೆಲ್ಟು ಬಿಚ್ಚಿ, ಲಗ್ನಪತ್ರಿಕೆ ಆಯಲು ಹೋದ ಕೈಯ ಮೇಲೆ ಬಾರಿಸಿದ. ಯಾವ ದರಿದ್ರ ಹಸಿವೋ ಏನೋ, ಕೆಳಗೆ ಬಿದ್ದವರನ್ನು ಕಂಡರೆ ನಮ್ಮ ಜನಕ್ಕೆ ಕಾಲು ತಡೆಯುವುದಿಲ್ಲ. ಫೋನುಗಳು ಮೇಲೆದ್ದವು.

ಮನೋಹರ್ ಅಂಗಡಿಯ ಬಾಗಿಲಿಂದ ಕೈಸನ್ನೆ ಮಾಡಿದ. "ದೊರೆಯಣ್ಣ, ಒಳಗ್ ಬಂದ್ಬಿಡಿ. ಶಟರ್ ಎಳೀತೀನಿ."

ದೊರೆಸ್ವಾಮಿ ಎರಡು ಹೆಜ್ಜೆ ಇಟ್ಟದ್ದು ನಿಜ. ಒಳಗೆ ತಣ್ಣಗಿತ್ತು, ಕತ್ತಲಿತ್ತು. ಅರ್ಧ ಇಳಿದ ಶಟರಿನ ಕೆಳಗೆ ತಲೆ ಬಗ್ಗಿಸಿದರೆ ಮುಗಿಯಿತು; ಉಳಿದದ್ದನ್ನು ಜನ ಮುಗಿಸುತ್ತಾರೆ. ಕಳ್ಳ ಎಂದು ಪೊಲೀಸರಲ್ಲಿ ಬರೆಸಿದರೆ ತನ್ನ ಮೇಲೆ ಕೇಸೂ ಇಲ್ಲ. ಹಿಂದಿನಿಂದ ಆ ಹಿರಿಯರ ದನಿ ಕೇಳಿಸಿತು: "ಯಜಮಾನ್ರೇ, ನೀವಾದ್ರೂ ಹೇಳಿ."

ತಾನು ಈಗ ಮೊರ ಹಿಡಿದು ಒಳಗೆ ಹೋಗುತ್ತಿದ್ದೇನೆ ಎಂದು ಅವನಿಗೆ ಅನ್ನಿಸಿತು. ತಿರುಗಿದ. ಜನರನ್ನು ನೂಕಿಕೊಂಡು ಹೋಗಿ ಅವರ ಮೇಲೆ ಕವುಚಿ ಬಿದ್ದ. ಬೆಲ್ಟಿನ ಏಟು ಅವನ ಕತ್ತಿಗೆ ಬಿತ್ತು.

"ಇವ್ರು ಏನೂ ಕದ್ದಿಲ್ಲ" ಎಂದ. "ದಾರಿ ಕೇಳಿದ್ರು. ನಾನೇ ಹೊಡ್ದಿದ್ದು. ತಪ್ಪು ನಂದು."

ಆದರೆ ಎತ್ತಿದ ಕೈಗಳಿಗೆ ಯಾರಾದರೂ ಬೇಕಿತ್ತಲ್ಲ. "ದಾರಿ ಕೇಳಿದ್ದಕ್ಕೆ ಮುದುಕನ್ನ ಹೊಡೀತೀಯಾ?" ಎಂದು ಅದೇ ಬೆಲ್ಟು, ಅದೇ ಕಾಲುಗಳು ಈಗ ದೊರೆಸ್ವಾಮಿಯ ಮೇಲೆ ಇಳಿದವು. ಆ ಊರಿನಲ್ಲಿ ಮುರಿದು ಕೂಡಿಕೊಂಡಿದ್ದ ಪಕ್ಕೆಲುಬು ಮತ್ತೆ ಲಟಕ್ಕೆಂದಿತು. ಹುಬ್ಬು ಒಡೆಯಿತು. ಅವನು ಎದ್ದು ಓಡಲಿಲ್ಲ. ಓಡಿದರೆ ಕೆಳಗಿದ್ದವರಿಗೆ ಬೀಳುತ್ತಿತ್ತು.

ಟ್ರಾಫಿಕ್ ಪೊಲೀಸರು ಬಂದು ಬಿಡಿಸಿದರು. ಸ್ಪ್ಯಾನರನ್ನೂ ಅವನ ಲೈಸೆನ್ಸನ್ನೂ ಇಟ್ಟುಕೊಂಡು, ಮೊದಲು ಹಿರಿಯರನ್ನು ಆಸ್ಪತ್ರೆಗೆ ಸೇರಿಸಿ, ಆಮೇಲೆ ಸ್ಟೇಷನ್ನಿಗೆ ಬಾ ಎಂದರು. ಮನೋಹರ್ ತಲೆ ತಗ್ಗಿಸಿ ಬಂದು ಹಿಂದಿನ ಸೀಟಿನಲ್ಲಿ ಅವರನ್ನು ಒರಗಿಸಿಕೊಂಡು ಕೂತ. ಅವರ ಹೆಸರು ಪಂಚಾಕ್ಷರಯ್ಯ ಎಂದು, ಮಗಳ ಮದುವೆಗೆ ಕರೆಯಲು ಬಂದವರೆಂದು ಆಗ ತಿಳಿಯಿತು.

ದೊರೆಸ್ವಾಮಿಯ ಎಡಗಣ್ಣಿಗೆ ರಕ್ತ ಇಳಿದು ರೆಪ್ಪೆ ಅಂಟಿಕೊಂಡಿತ್ತು. ಆಸ್ಪತ್ರೆಯ ದಾರಿಗೆ ಬಟನ್ ಒತ್ತಿದ. ಯಂತ್ರ ಮೋಸ ಮಾಡಲಿಲ್ಲ. ರಕ್ತದ ಬೆರಳಿಗೆ ಒಪ್ಪಿತು, ಒಂದೇ ಕಣ್ಣಿಗೂ ಸ್ಪಷ್ಟವಾಗಿ ಕಂಡಿತು. ನೇರ ಹೋಗು ಎಂದು ಬಾಣ ತೋರಿಸಿತು. ನೇರಕ್ಕೆ ಹೋದರೆ ರಸ್ತೆಯನ್ನು ಆಳುದ್ದ ಅಗೆದು ಬೇಲಿ ಹಾಕಿದ್ದರು. ಬಾಣ ಮಾತ್ರ ಆ ಗುಂಡಿಯ ಕಡೆಗೇ ಕೈ ತೋರಿಸುತ್ತಿತ್ತು. ಹಿಂದೆ ಪಂಚಾಕ್ಷರಯ್ಯ ನರಳಿದರು.

ದೊರೆಸ್ವಾಮಿ ಹ್ಯಾಂಡಲ್ ತಿರುಗಿಸಿದ. ಎಂಟು ತಿಂಗಳ ಗಾಜು ಕಿರುಗುಟ್ಟುತ್ತ ಇಳಿಯಿತು. ಬೇಲಿಯ ಪಕ್ಕ ಹೂ ಕಟ್ಟುತ್ತ ಕೂತಿದ್ದ ಹೆಂಗಸನ್ನು ಕೇಳಿದ: "ಅಮ್ಮಾ, ಆಸ್ಪತ್ರೆಗೆ ಈಗ ಯಾವ್ ಕಡೆಯಿಂದ ಹೋಗ್ಬೇಕು?"

ಅವಳು ಆ ಮುಖ ನೋಡಿ ಹೆದರಿ ಅರ್ಧ ಎದ್ದಳು. ಅಕ್ಕಪಕ್ಕದವರು ತಿರುಗಿ ನೋಡಿದರು. ದೊರೆಸ್ವಾಮಿ ಸ್ಟೀರಿಂಗ್ ಬಿಟ್ಟು ಎರಡೂ ಕೈಗಳನ್ನು ಅವಳಿಗೆ ಕಾಣುವಂತೆ ಎತ್ತಿ ಹಿಡಿದ. ಅವಳು ಅವನನ್ನೂ ಹಿಂದಿನ ಸೀಟನ್ನೂ ನೋಡಿ, ದಾರ ಸುತ್ತಿದ ಬೆರಳನ್ನು ಎಡಕ್ಕೆ ಚಾಚಿದಳು.

"ಕಲಾಸಿಪಾಳ್ಯದ ಕಡೆಯಿಂದ ಸುತ್ಕೊಂಡ್ ಹೋಗಪ್ಪ. ಅಲ್ಲಿ ಅಗೆದಿಲ್ಲ."

ದೊರೆಸ್ವಾಮಿಯ ಕೈ ಹಳೆಯ ಅಭ್ಯಾಸದಿಂದ ಗೇರಿನ ಪಕ್ಕಕ್ಕೆ ಹೋಯಿತು. ಅಲ್ಲಿ ಡಬ್ಬ ಇರಲಿಲ್ಲ.