ಉರಿಯದ ಕೈ

ನನ್ನ ಬಲಗೈ ಉರಿಯುವುದು ನಿಂತಾಗ ಮನೆಮಂದಿಯೆಲ್ಲ ಹಿಗ್ಗಿದರು. ಈಗ ಅದನ್ನು ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ, ಆ ಕೈಯೊಂದನ್ನು ಬಿಟ್ಟು.

ಬ್ಯಾಡಗಿಗೆ ಸೊಸೆಯಾಗಿ ಬಂದವಳಿಗೆ ಮೊದಲ ಪಾಠ ಮೆಣಸಿನಕಾಯಿಯದು. ನನ್ನ ತವರು ಮೋಟೆಬೆನ್ನೂರು. ಹತ್ತನೇ ಇಯತ್ತೆ ತನಕ ಓದಿದ್ದೆ, ಅದರ ಜಂಬವೂ ಸ್ವಲ್ಪ ಇತ್ತು. ಎಂಬತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ಬಂದೆ. ಬಂದು ಹದಿನೈದು ದಿನಕ್ಕೆ ಅತ್ತೆ ನನ್ನನ್ನು ಗೋದಾಮಿಗೆ ಕರೆದುಕೊಂಡು ಹೋದಳು. ಅಲ್ಲಿ ಹೆಂಗಸರು ಸಾಲಾಗಿ ಕುಳಿತು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಅದಕ್ಕೆ ತುಂಬು ಬಿಡಿಸುವುದು ಅನ್ನುತ್ತಾರೆ. ಮೂಗಿಗೆ ಸೆರಗು, ಬಾಯಿಗೆ ಹರಟೆ, ಕೈಗೆ ಬಿಡುವಿಲ್ಲ. ಸಂಜೆ ಮನೆಗೆ ಬಂದು ಮಜ್ಜಿಗೆಯಲ್ಲಿ ಕೈ ಅದ್ದಿದರೂ ಉರಿ ಇಳಿಯುತ್ತಿರಲಿಲ್ಲ. ಕಣ್ಣು ಒರೆಸಿಕೊಳ್ಳುವ ಹಾಗಿಲ್ಲ, ತಲೆ ಕೆರೆದುಕೊಳ್ಳುವ ಹಾಗಿಲ್ಲ. ಮೊದಲ ವಾರವೆಲ್ಲ ಅಳುವುದೇ ಆಯಿತು.

"ಅಳಬ್ಯಾಡವಾ. ಬ್ಯಾಡಗಿ ಸೊಸಿ ಆದಮ್ಯಾಲೆ ಕೈ ಸುಟ್ಟ ಸುಡತಾವು. ರೂಢಿ ಆಗ್ತೈತಿ ತಗೋ" ಅಂದಳು ಅತ್ತೆ.

ರೂಢಿ ಆಯಿತು ಎಂದೇ ಎಲ್ಲರೂ ತಿಳಿದರು. ಎರಡನೆಯ ವರ್ಷದ ಸುಗ್ಗಿಯಲ್ಲಿ ಬಲಗೈಯ ಕಿರುಬೆರಳು ಉರಿಯುವುದು ನಿಂತಿತು. ಆಮೇಲೆ ಅದರ ಪಕ್ಕದ ಬೆರಳು. ಒಂದು ದಿನ ನೋಡುತ್ತೇನೆ, ಎಡಗೈ ಕೊಳ್ಳಿಯಂತೆ ಉರಿಯುತ್ತಿದೆ, ಬಲಗೈ ತಣ್ಣಗೆ ಕುಳಿತಿದೆ. ಮೊಣಕೈ ಕೆಳಗೆ ಒಂದು ಬಿಳಿಚಿದ ಕಲೆಯೂ ಇತ್ತು. ಚಿಬ್ಬು ಇರಬೇಕು ಎಂದು ಸುಮ್ಮನಾದೆ. ತುರಿಸದ, ನೋಯದ ಕಲೆಯನ್ನು ಯಾರು ಕೇಳುತ್ತಾರೆ?

ಗೋದಾಮಿನಲ್ಲಿ ಸುದ್ದಿಯಾಯಿತು. "ನೋಡ್ರೇ, ಈಕಿ ಕೈಗೆ ಖಾರನ ಹತ್ತಂಗಿಲ್ಲ! ಪುಣ್ಯಾ ಮಾಡಿ ಬಂದಾಳ" ಅಂದರು ಪಕ್ಕದವರು. ಅತ್ತೆ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಆಂಧ್ರದ ಕಡೆಯ ಘಾಟು ಕಾಯಿ ಬಂದರೆ ಆ ಚೀಲ ನನ್ನ ಮುಂದೆ ಸುರಿಯುತ್ತಿದ್ದರು. ನಾನೂ ಉಬ್ಬಿದೆ. ಒಬ್ಬರು ಒಂದು ಬುಟ್ಟಿ ಮುಗಿಸುವುದರಲ್ಲಿ ನನ್ನದು ಒಂದೂವರೆ. ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಕೈ ಸಾಯುತ್ತಿತ್ತು, ನಾನು ಅದನ್ನು ಮೆರೆಸುತ್ತಿದ್ದೆ. ಬೆರಳ ತುದಿಗೆ ಗಾಯವಾಗಿ ರಕ್ತ ಬಂದರೂ ನನಗೆ ಬೇರೆಯವರು ಹೇಳಬೇಕಾಗುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರಲ್ಲ, ನನಗೆ ಬೇಕಾಗುತ್ತಿತ್ತು.

ಒಂದು ಮಧ್ಯಾಹ್ನ ಆರೋಗ್ಯ ಇಲಾಖೆಯವನೊಬ್ಬ ಗೋದಾಮಿಗೆ ಬಂದ. ಸಣ್ಣ ವಯಸ್ಸು, ಹೆಗಲಿಗೆ ಚೀಲ. ಎಲ್ಲರ ಕೈ, ಬೆನ್ನು ನೋಡುತ್ತ ಬಂದು ನನ್ನ ಮೊಣಕೈಯ ಕಲೆಯ ಹತ್ತಿರ ನಿಂತ. "ದೊಡ್ಡರೋಗದ ತಪಾಸಣಿ ಅಂತ" ಎಂದು ಹಿಂದೆ ಯಾರೋ ಪಿಸುಗುಟ್ಟಿದರು. ಕುಷ್ಠ ಎಂಬ ಮಾತನ್ನು ನಮ್ಮಲ್ಲಿ ಬಾಯಿ ಬಿಟ್ಟು ಆಡುತ್ತಿರಲಿಲ್ಲ.

"ಕಣ್ಣ ಮುಚ್ಕೊಳ್ರಿ ಅಕ್ಕಾರ. ನಾ ಎಲ್ಲಿ ಮುಟ್ಟತೇನಿ, ಅಲ್ಲಿ ಬೆರಳ ಇಟ್ಟ ತೋರಸ್ರಿ" ಅಂದ. ಕೈಯಲ್ಲಿ ಒಂದು ಪೆನ್ನು.

ಎಡಗೈ ಮುಟ್ಟಿದ, ತೋರಿಸಿದೆ. ಆಮೇಲೆ ಏನೂ ಇಲ್ಲ. ಅವನು ಮುಟ್ಟಿದನೋ, ಇನ್ನೂ ಮುಟ್ಟಬೇಕೋ, ನನಗೆ ತಿಳಿಯಲಿಲ್ಲ. ಸಾಲಿನಲ್ಲಿದ್ದ ಹೆಂಗಸರೆಲ್ಲ ಮಾತು ನಿಲ್ಲಿಸಿದ್ದರು. ಆಗ ನನಗೆ ಐದು ತಿಂಗಳು. ಊರ ಬಾಯಿ, ತವರಲ್ಲಿ ಮದುವೆಗೆ ಬಂದ ತಂಗಿ, ಹೊಟ್ಟೆಯಲ್ಲಿದ್ದ ಕೂಸು, ಎಲ್ಲ ಒಮ್ಮೆಲೇ ತಲೆಗೆ ಬಂತು. ರೆಪ್ಪೆಯನ್ನು ಎಳೆಯಷ್ಟು ತೆರೆದೆ. ಪೆನ್ನಿನ ತುದಿ ಕಲೆಯ ಮೇಲೆ ಕುಳಿತಿತ್ತು. ಸರಿಯಾಗಿ ಅಲ್ಲಿಯೇ ಬೆರಳಿಟ್ಟು ತೋರಿಸಿದೆ. ನಾಲ್ಕು ಸಲ ಮುಟ್ಟಿದ, ನಾಲ್ಕು ಸಲವೂ ಕದ್ದು ನೋಡಿ ತೋರಿಸಿದೆ.

"ಏನಿಲ್ಲ ಬಿಡ್ರಿ, ಚಲೋ ಐತಿ" ಅಂದು ಮುಂದಿನವಳ ಹತ್ತಿರ ಹೋದ. ಅವನದು ಏನೂ ತಪ್ಪಿಲ್ಲ. ಮೋಸ ಮಾಡಿದವಳು ನಾನು.

ಮಗಳು ಹುಟ್ಟಿದಳು. ಬಾಣಂತನ ಮುಗಿಸಿ ಬ್ಯಾಡಗಿಗೆ ಮರಳಿದ ಮೇಲೆ ಕೂಸಿಗೆ ಎರೆಯುವ ಕೆಲಸ ಅತ್ತೆಯದೇ. ಯಾರಿಗೂ ಬಿಡುತ್ತಿರಲಿಲ್ಲ. ಕೂಸಿಗೆ ಏಳು ತಿಂಗಳಿದ್ದಾಗ ಒಂದು ದಿನ ಅವಳಿಗೆ ಸೊಂಟ ಹಿಡಿದುಕೊಂಡಿತು. "ಇವತ್ತ ನೀನ ಎರಿ" ಅಂದು ಹೊರಗಿನ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕುಳಿತಳು.

ಹಂಡೆಯಿಂದ ನೀರು ತೋಡಿ ತಣ್ಣೀರು ಬೆರೆಸಿದೆ. ಬಲಗೈ ಅದ್ದಿ ನೋಡಿದೆ, ಹದವಾಗಿದೆ ಅನ್ನಿಸಿತು. ಎಲ್ಲ ಹೆಂಗಸರೂ ಹಾಗೆಯೇ ನೋಡುವುದು. ಕೈ ಇಟ್ಟು ನೋಡುವಾಗ ಯಾರೂ ಕೈಯ ಬಗ್ಗೆ ಯೋಚನೆ ಮಾಡುವುದಿಲ್ಲ. ಕಾಲು ಚಾಚಿ ಕುಳಿತು, ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು, ಮೊದಲ ತಂಬಿಗೆಯನ್ನು ಅದರ ಕಾಲ ಮೇಲೆ ಸುರಿದೆ. ಆ ನೀರು ಕೂಸಿನ ಕಾಲಿನಿಂದ ಜಾರಿ ನನ್ನ ಕಾಲಿಗೆ ಬಿದ್ದಾಗ ನನಗೆ ಗೊತ್ತಾಯಿತು. ಕೂಸಿಗೆ ನನಗಿಂತ ಮೊದಲೇ ಗೊತ್ತಾಗಿತ್ತು. ಅದರ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಅತ್ತೆ ಹಿಡಿದ ಸೊಂಟವನ್ನು ಮರೆತು ಓಡಿ ಬಂದಳು. ಕೂಸನ್ನು ಎತ್ತಿಕೊಂಡು ತಣ್ಣೀರು ಹಾಕುತ್ತ, ನಾನು ಬೆರೆಸಿದ್ದ ನೀರಿನಲ್ಲಿ ತನ್ನ ಬೆರಳು ಅದ್ದಿ, ಹಾಯ್ ಎಂದು ಎಳೆದುಕೊಂಡಳು. ನನ್ನ ಬಲಗೈ ನೋಡಿದಳು. ಅದು ಕೆಂಪಗೆ ಬೆಂದಿತ್ತು. ನನ್ನ ಮುಖ ನೋಡಿದಳು. ಕೂಸಿಗಾಗಿ ಅಳುತ್ತಿದ್ದೆ, ಆದರೆ ಕೈಯನ್ನು ಝಾಡಿಸಲೂ ಇಲ್ಲ, ಊದಿಕೊಳ್ಳಲೂ ಇಲ್ಲ. ಅವಳಿಗೆ ಎಲ್ಲ ತಿಳಿಯಿತು.

ಅಷ್ಟರಲ್ಲಿ ಓಣಿಯ ಹೆಂಗಸರು ಒಳಗೆ ನುಗ್ಗುತ್ತಿದ್ದರು. ಅತ್ತೆ ಹಲ್ಲು ಕಚ್ಚಿ ನನ್ನ ಕಿವಿಯಲ್ಲಿ ಹೇಳಿದಳು: "ಬಾಯಿ ಮುಚ್ಚು. ನೀ ಹಾಕಿದಿ ಅಂದ್ರ ನಿನ್ನ ಕೈ ನೋಡತಾರ. ನಾ ಹಾಕಿದೆ ಅಂದ್ರ ಮುದುಕಿ ಅಂತ ಬೈದ ಹೋಗತಾರ."

ತಿರುಗಿ ನಿಂತು ಎದೆ ಬಡಿದುಕೊಂಡಳು. "ನನ್ನ ಕೈಯಾರೆ ಸುಟ್ಟೆನವಾ! ಕಣ್ಣ ಕಾಣಂಗಿಲ್ಲ, ಬುದ್ಧಿ ನೆಟ್ಟಗಿಲ್ಲ, ಈ ಮುದುಕಿ ಯಾಕರ ಬದುಕೇತಿ!"

ಹೆಂಗಸರು ಬೈದರು. ನನ್ನನ್ನು ಸಮಾಧಾನ ಮಾಡಿದರು, ನನ್ನನ್ನು! ನಾನು ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ತಲೆ ಆಡಿಸಿದೆ.

ಆ ವಾರವೇ ಕೂಸಿನ ಕಾಲು ತೋರಿಸುವ ನೆವ ಮಾಡಿ ಅತ್ತೆ ನನ್ನನ್ನು ಹಾವೇರಿಯ ದವಾಖಾನೆಗೆ ಕರೆದುಕೊಂಡು ಹೋದಳು. ಡಾಕ್ಟರರು ನನ್ನ ಮೊಣಕೈಯ ಹಿಂದೆ ಒತ್ತಿ ನೋಡಿ, ನರ ದಪ್ಪಗಾಗಿದೆ ಅಂದರು. ಗುಳಿಗೆ ನುಂಗಿದರೆ ರೋಗ ಪೂರಾ ಹೋಗುತ್ತದೆ, ಯಾರಿಗೂ ಅಂಟುವುದಿಲ್ಲ, ಹೆದರಬೇಡಿ ಅಂದರು. ಸ್ಪರ್ಶ ಮರಳಿ ಬರುತ್ತದೆಯೇ ಎಂದು ಕೇಳಿದೆ.

"ಒಂದ ವರ್ಷ ಮೊದಲ ಬಂದಿದ್ರ ಕೈ ಉಳೀತಿತ್ರಿ" ಅಂದರು.

ಒಂದು ವರ್ಷದ ಹಿಂದೆ ಮದ್ದೇ ನನ್ನನ್ನು ಹುಡುಕಿಕೊಂಡು ಬಂದಿತ್ತು, ಪೆನ್ನು ಹಿಡಿದುಕೊಂಡು. ಅದನ್ನು ನಾನು ಅತ್ತೆಗೂ ಹೇಳಲಿಲ್ಲ.

ಗುಳಿಗೆ ನುಂಗಿದೆ. ಮೈ ಕಪ್ಪಗಾಯಿತು, ಮೂತ್ರ ಕೆಂಪಾಯಿತು, ರೋಗ ಹೋಯಿತು. ನಮ್ಮ ಮನೆಯವರು ರಾಣೆಬೆನ್ನೂರಿನ ಹತ್ತಿ ಜಿನ್ನಿಂಗ್ ಗಿರಣಿಯಲ್ಲಿ ಕೆಲಸಕ್ಕಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ಅವರಿಗೆ ಅತ್ತೆಯೇ ಹೇಳಿದಳು. ಅವರು ಒಂದು ಕೆಟ್ಟ ಮಾತು ಆಡಲಿಲ್ಲ, ನನ್ನ ತಟ್ಟೆ ಬೇರೆ ಮಾಡಲಿಲ್ಲ. ಆದರೆ ಬಹಳ ದಿನ ನನ್ನನ್ನು ಮುಟ್ಟಲೂ ಇಲ್ಲ.

ಕೈ ಇದ್ದೂ ಇಲ್ಲದವಳ ಬದುಕು ಹೇಗೆಂದು ಹೇಳಿದರೆ ಯಾರಿಗೂ ತಿಳಿಯುವುದಿಲ್ಲ. ಕೈ ಮಾಡುವ ಕೆಲಸವನ್ನೆಲ್ಲ ಕಣ್ಣು ಮಾಡಬೇಕು. ತಂಬಿಗೆ ಹಿಡಿದಿದ್ದೇನೆಯೇ ಎಂದು ನೋಡಬೇಕು, ಹಿಡಿದ ಮೇಲೂ ನೋಡುತ್ತಲೇ ಇರಬೇಕು, ಕಣ್ಣು ಆಚೆ ಸರಿದರೆ ತಂಬಿಗೆ ನೆಲದ ಮೇಲೆ. ಯಾರಾದರೂ ನಗಿಸಿದರೆ ಬೋಗುಣಿ ಬೀಳುತ್ತಿತ್ತು. ಬದನೆಕಾಯಿ ಹೆಚ್ಚುವಾಗ ಮಾತಾಡುವ ಹಾಗಿಲ್ಲ. ಸಂಜೆ ಕರೆಂಟು ಹೋದರೆ ನನ್ನ ಕೈಯೂ ಹೋಗುತ್ತಿತ್ತು, ಲಾಟೀನು ಹಚ್ಚುವ ತನಕ ನಿಂತಲ್ಲೇ ನಿಲ್ಲುತ್ತಿದ್ದೆ. ರಾಣೆಬೆನ್ನೂರಿನ ಬಸ್ಸಿನಲ್ಲಿ ಕಂಬಿ ಹಿಡಿದು ದಾರಿಯುದ್ದಕ್ಕೂ ಕೈಯನ್ನೇ ನೋಡುತ್ತಿದ್ದರೆ, "ಕೈಯಾಗಿನ ಬಳಿ ಹೊಸಾವ ಏನವಾ?" ಎಂದು ಕೇಳಿದವರಿದ್ದರು. ಮೊದಲು ರೊಟ್ಟಿ ಬಡಿಯುತ್ತ ನೂರೆಂಟು ಯೋಚನೆ ಮಾಡುತ್ತಿದ್ದೆ. ಆಮೇಲೆ ರೊಟ್ಟಿ ಬಡಿಯುವಾಗ ರೊಟ್ಟಿಯದೇ ಯೋಚನೆ. ಸಂಜೆಗೆ ಮೈಗಿಂತ ತಲೆ ದಣಿದಿರುತ್ತಿತ್ತು. ಮಗಳನ್ನು ಯಾವಾಗಲೂ ಎಡಗೈಯಲ್ಲಿ ಹಿಡಿದೆ. ಬಲಗೈಯಲ್ಲಿ ಹಿಡಿದರೆ ಅವಳು ಕೈ ಬಿಡಿಸಿಕೊಂಡು ಹೋದರೂ ನನಗೆ ಗೊತ್ತಾಗುತ್ತಿರಲಿಲ್ಲ.

ಮಗಳು ಬೆಳೆದಳು. ಬಲಗಾಲಿನ ಮೇಲೆ ಮೊಣಕಾಲ ತನಕ ಸುಕ್ಕಾದ ಚರ್ಮ. ಸಾಲೆಯಲ್ಲಿ ಹುಡುಗಿಯರು ಆಡಿಕೊಂಡರು. ಓಣಿಯವರು ಇದ್ದಾರಲ್ಲ, ಯಾರು ಸುಟ್ಟರೆಂದು ಅವರೇ ಹೇಳಿಕೊಟ್ಟರು. ಒಂದು ದಿನ ಸಾಲೆಯಿಂದ ಬಂದವಳೇ ಅಜ್ಜಿಯ ಮುಂದೆ ನಿಂತು, "ನನ್ನ ಕಾಲ ನೀನ ಸುಟ್ಟೀ?" ಎಂದು ಕೇಳಿದಳು.

"ಹೌದವಾ, ನಾನ ಸುಟ್ಟಾಕಿ" ಅಂದಳು ಅತ್ತೆ, ತಲೆ ಎತ್ತದೆ.

ನಾನು ಒಲೆಯ ಮುಂದೆ ಇದ್ದೆ. ಎರಡು ಹೆಜ್ಜೆ ದೂರ.

ಅವತ್ತಿನಿಂದ ಮಗಳು ಅಜ್ಜಿಯ ಹತ್ತಿರ ಹೋಗಲಿಲ್ಲ. ತಲೆ ಬಾಚಿಸಿ ಹೆಣಲು ಹಾಕಿಸಿಕೊಳ್ಳಲಿಲ್ಲ, ಅವಳು ಕೊಟ್ಟ ಬೆಲ್ಲ ಶೇಂಗಾ ತಿನ್ನಲಿಲ್ಲ. ಅತ್ತೆ ಸಂತೆಯಿಂದ ರಿಬ್ಬನ್ ತಂದು ಗೂಟಕ್ಕೆ ಸಿಕ್ಕಿಸಿ ಇಡುತ್ತಿದ್ದಳು, ಅದರ ಬಣ್ಣ ಅಲ್ಲೇ ಹೋಗುತ್ತಿತ್ತು. "ಅತ್ತೀ, ಖರೇ ಹೇಳಿಬಿಡತೇನ್ರಿ" ಎಂದು ಎರಡು ಮೂರು ಸಲ ಅಂದೆ. "ಸುಮ್ನಿರು. ಕೂಸಿಗೆ ಅವ್ವ ಬೇಕು. ನಾ ಇವತ್ತ ಇದ್ದ ನಾಳೆ ಹೋಗಾಕಿ" ಅನ್ನುತ್ತಿದ್ದಳು. ಬೇಡ ಅನ್ನಲಿ ಎಂದೇ ನಾನು ಕೇಳುತ್ತಿದ್ದೆನೇನೋ. ಅವಳು ಬೇಡ ಅಂದ ಕೂಡಲೇ ನನ್ನ ಎದೆ ಹಗುರಾಗುತ್ತಿತ್ತು. ಅದಕ್ಕೆ ನನಗೆ ಇವತ್ತಿಗೂ ನಾಚಿಕೆ.

ಮಗಳಿಗೆ ಹನ್ನೊಂದು ವರ್ಷವಾದಾಗ ಅತ್ತೆಗೆ ಲಕ್ವ ಹೊಡೆಯಿತು. ಬಲಭಾಗ ಬಿತ್ತು, ಮಾತೂ ಬಿತ್ತು. ಮೂರನೆಯ ದಿನ ಬೆಳಿಗ್ಗೆ ಗಂಟಲು ಗೊರಗೊರ ಅನ್ನತೊಡಗಿದಾಗ ನಮ್ಮ ಮನೆಯವರು ಮಗಳನ್ನು ಕರೆದು, "ಅಜ್ಜಿ ಬಾಯಾಗ ಒಂದ ಚಮಚೆ ನೀರ ಹಾಕು" ಅಂದರು.

"ನಾ ಒಲ್ಲೆ. ಆಕಿ ನನ್ನ ಕಾಲ ಸುಟ್ಟಾಳ" ಅಂದು ಮಗಳು ಬಾಗಿಲಲ್ಲೇ ನಿಂತಳು.

ಅತ್ತೆ ಕಣ್ಣು ತೆರೆದು ಅವಳನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಎಡಗೈ ಚಾಚಿ ನನ್ನ ಕೈ ಹಿಡಿದಳು. ಹಿಡಿದದ್ದು ನನ್ನ ಬಲಗೈ. ಅವಳ ಬೆರಳ ಗಿಣ್ಣು ಬೆಳ್ಳಗಾದದ್ದು ಕಂಡಿತು, ಹಿಸುಕುತ್ತಿದ್ದಾಳೆ ಎಂದು ಕಣ್ಣಿನಿಂದ ತಿಳಿಯಿತು. ಹೇಳು ಎಂದು ಹಿಸುಕುತ್ತಿದ್ದಳೋ, ಹೇಳಬ್ಯಾಡ ಎಂದೋ, ಸಾಯುವವರು ಏನಾದರೊಂದನ್ನು ಹಿಡಿದುಕೊಳ್ಳುವ ಹಾಗೆ ಹಿಡಿದಿದ್ದಳೋ? ಎಡಗೈ ಕೊಟ್ಟಿದ್ದರೆ ಗೊತ್ತಾಗುತ್ತಿತ್ತು. ಕೊಡಬಹುದಿತ್ತು, ಹೊತ್ತಿತ್ತು. ಕೊಡಲಿಲ್ಲ. ಹೇಳು ಎಂದು ಗೊತ್ತಾಗಿಬಿಟ್ಟರೆ ಹೇಳಬೇಕಾಗುತ್ತಿತ್ತು.

ನೀರು ನಾನೇ ಹಾಕಿದೆ, ಎಡಗೈಯಿಂದ. ಅರ್ಧ ಗಂಟೆಗೆ ಜೀವ ಹೋಯಿತು.

ಮೈ ತೊಳೆಯಲು ಹೆಂಗಸರು ನೀರು ಕಾಯಿಸಿದರು. ತಂಬಿಗೆ ತೆಗೆದುಕೊಳ್ಳಲು ಬಗ್ಗಿದಾಗ ಮಗಳು ನನ್ನ ಬಲಗೈಯನ್ನು ಹಿಡಿದು ತಿರುಗಿಸಿದಳು. ಹಿಂಗೈಯಲ್ಲಿ ನಾಲ್ಕು ಉಗುರಿನ ಗುರುತು, ಆಳವಾಗಿ ಇಳಿದಿದ್ದವು, ರಕ್ತ ಒಣಗಿತ್ತು.

"ಯವ್ವಾ, ಇದೇನಾತು ಕೈಗೆ?" ಅಂದಳು.

"ಎಲ್ಲೋ ತರಚಿರಬೇಕು ತಗೋ" ಅಂದೆ.

ನನ್ನ ಕೈಗೆ ನನಗೆ ತಿಳಿಯದೆ ಗಾಯವಾಗುವುದನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಳು. ನಂಬಿದಳು. ಒಳಗೆ ಹೋಗಿ ಅರಿಷಿಣ ತಂದು, ನಾನು ಅಳುತ್ತಿರುವುದು ಅಜ್ಜಿಗಾಗಿ ಎಂದುಕೊಂಡು, ಆ ನಾಲ್ಕು ಗುರುತಿಗೂ ಹಚ್ಚಿದಳು.