ದೊಡ್ಡಮನೆಯ ಸೂರು ಮತ್ತು ನನ್ನ ಹಿಮ್ಮಡಿ

ಈಚೆಗೆ ನಾನು ಯಾರ ಮನೆಗೆ ಹೋದರೂ ಮೊದಲು ಸೂರು ನೋಡುತ್ತೇನೆ, ಆಮೇಲೆ ನನ್ನ ಹಿಮ್ಮಡಿ ನೋಡಿಕೊಳ್ಳುತ್ತೇನೆ. ಮನೆಯವರು ಇದನ್ನು ವಿನಯವೆಂದು ತಿಳಿಯುತ್ತಾರೆ. ತಿಳಿಯಲಿ.

ರೇಷ್ಮೆಸೀಮೆಯ ವಿಜಯಪುರದಾಚೆಯ ಒಂದು ಹಳ್ಳಿಯಲ್ಲಿ ಗೆಳೆಯ ಮುನಿರಾಜುವಿನ ಸೋದರತ್ತೆ ಅಕ್ಕಯ್ಯಮ್ಮನವರ ಮನೆಯಿದೆ. ಊರವರ ಬಾಯಲ್ಲಿ ದೊಡ್ಡಮನೆ. ರೇಷ್ಮೆಗೂಡಿನ ವ್ಯಾಪಾರದಲ್ಲಿ ಕೈಕುದುರಿದ ಅವರ ಗಂಡನ ಅಜ್ಜ ಕಟ್ಟಿಸಿದ್ದು. ಎರಡು ಅಂತಸ್ತು, ಮೊಳ ದಪ್ಪದ ಗೋಡೆ, ತೇಗದ ತೊಲೆಗಳ ಮೇಲೆ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಗಾರೆ ಹಾಕಿದ ಸೂರು. ಆ ಗಾರೆಗೆ ಸುಣ್ಣದ ಜೊತೆ ಬೆಲ್ಲ, ಅಳಲೆಕಾಯಿ ಸೇರಿಸಿದ್ದರಂತೆ. ನಮ್ಮ ಫ್ಲ್ಯಾಟಿನ ಸೂರಿಗೆ ಏನು ಸೇರಿಸಿದ್ದಾರೋ ಕಟ್ಟಿದವರಿಗೂ ನೆನಪಿರಲಾರದು. ಮನುಷ್ಯರಿಗೆಂದು ಕಟ್ಟಿದ ಆ ತಂಪು ಈಗ ಹುಳುಗಳ ಪಾಲು. ನಡುಮನೆ, ಪಕ್ಕದ ಕೋಣೆ ಎಲ್ಲ ರೇಷ್ಮೆಹುಳುವಿನ ತಟ್ಟೆಗಳೇ.

ಕಾಲೇಜಿನಲ್ಲಿ ಕಟ್ಟಡಗಳ ಬಗ್ಗೆ ಒಂದಿಷ್ಟು ಓದಿದವನಿಗೆ ಸುಮ್ಮನಿರುವುದು ಕಷ್ಟ. ಬಾಗಿಲಲ್ಲೇ ನಿಂತು, ಈ ಸೂರು ಇನ್ನೂ ನೂರು ವರ್ಷ ಅಲ್ಲಾಡದು ಎಂದು ಅಪ್ಪಣೆ ಕೊಡಿಸಿದೆ. ಅಕ್ಕಯ್ಯಮ್ಮನವರೂ ಒಪ್ಪಿದರು. ಒಳಗೆ ಮಾತ್ರ ಬಿಡಲಿಲ್ಲ.

“ಕಾಲು ತೊಳ್ಕೊಂಡು ಬಾರಪ್ಪ. ಹುಳ ಈಗಿನ್ನೂ ಜ್ವರದಿಂದ ಎದ್ದವೆ.”

ಪೊರೆ ಕಳಚಲು ಹುಳುಗಳು ಮೇವು ಬಿಟ್ಟು ಮಲಗುವುದಕ್ಕೆ ಅಲ್ಲಿ ಜ್ವರವೆನ್ನುತ್ತಾರೆ. ಆಗಷ್ಟೇ ಎದ್ದ ಹುಳುವಿಗೆ ಹೊರಗಿನ ಕೊಳೆ ತಾಗಿದರೆ ಬೆಳೆಯೇ ಹೋಗಬಹುದು. ನಾನು ಒಂದಿಷ್ಟು ನೀರು ಸುರಿದುಕೊಂಡು ಬಂದೆ. ಹಿಪ್ಪುನೇರಳೆ ಸೊಪ್ಪಿನ ಮಂಕರಿ ಹೊತ್ತು ನಡುಮನೆಗೆ ಹೊರಟಿದ್ದ ಅವರು ನನ್ನ ಪಾದ ನೋಡಿ ನಿಂತರು.

“ಇದೇನ್ ತೊಳ್ದಿದ್ದು? ಹಿಮ್ಡಿ ಹಂಗೇ ಐತಲ್ಲ.”

“ಓದ್ದೋನು ಕಣತ್ತೆ,” ಎಂದ ಮುನಿರಾಜು. “ಕಣ್ಣಿಗೆ ಕಾಣೋದಷ್ಟೇ ತೊಳೀತಾನೆ.”

ನನ್ನ ಮೇಲೆ ನಂಬಿಕೆ ಹೋದ ಅಕ್ಕಯ್ಯಮ್ಮ ಮಂಕರಿ ಇಳಿಸಿ, ತಾವೇ ಚೊಂಬು ಹಿಡಿದು ಅಂಗಳಕ್ಕೆ ಬಂದರು. ನಾನು ಮುನಿರಾಜುವಿನ ಹೆಗಲು ಹಿಡಿದು, ಒಂಟಿಕಾಲಲ್ಲಿ ನಿಂತು ಹಿಮ್ಮಡಿ ಉಜ್ಜುತ್ತಿದ್ದೆ. ಆಗ ಒಳಗೆ ತೊಲೆಯೊಂದು ಲಟಕ್ಕೆಂದಿತು. ನಡುಮನೆಯ ಮಧ್ಯದ ಸೂರು ಅಷ್ಟಗಲ ಕುಸಿದು ಬಿತ್ತು.

ಹುಳುವಿನ ತಟ್ಟೆಗೆ ರೋಗ ಬಾರದಿರಲೆಂದು ಸುಣ್ಣದ ಪುಡಿ ಉದುರಿಸುವುದುಂಟು. ಅಂದು ಮನೆ ನಮಗೇ ಉದುರಿಸಿತು. ಆ ಧೂಳು ತಿಳಿಯಾದಾಗ ಮೂವರೂ ಒಬ್ಬರನ್ನೊಬ್ಬರು ಮುಟ್ಟಿ ನೋಡಿಕೊಂಡೆವು. ಗೆದ್ದಲು ತೇಗವನ್ನು ಒಳಗೊಳಗೇ ತಿಂದಿತ್ತು; ಅದೂ ಕಣ್ಣಿಗೆ ಕಾಣುವಷ್ಟನ್ನು ಮುಟ್ಟಿರಲಿಲ್ಲ. ಅಕ್ಕಯ್ಯಮ್ಮ ದಿನವೂ ಸೊಪ್ಪು ಹಾಕುತ್ತ ನಿಲ್ಲುತ್ತಿದ್ದ ಜಾಗದಲ್ಲಿ ಇಟ್ಟಿಗೆಯ ಗುಡ್ಡೆ. ನನ್ನ ಕಾಲು ಇನ್ನೊಂದಿಷ್ಟು ಶುದ್ಧವಾಗಿದ್ದರೆ ಅವರು ಅದರಡಿ ಇರುತ್ತಿದ್ದರು, ಅವರ ಬೆನ್ನಿಗೆ ನಾನು. ಈಗಲೂ ಮೇಲಿನ ಮನೆಯವರು ಮಂಚ ಎಳೆದರೆ ನಾನು ಬಾಗಿಲಿಗೆ ಓಡುತ್ತೇನೆ.

ಆಮೇಲೆ ಪಕ್ಕದ ಕೋಣೆಯಲ್ಲಿ ಉಳಿದಿದ್ದ ತಟ್ಟೆಗಳನ್ನು ಹೊರಗಿನ ಕಿಟಕಿಯಿಂದಲೇ ತೆಗೆದು ಹಿತ್ತಿಲ ಷೆಡ್ಡಿಗೆ ಸಾಗಿಸಿದೆವು. ಬದುಕಿದ ಖುಷಿಯಲ್ಲಿ ನಾನೇ ಮುಂದಾಗಿ ಒಂದು ತಟ್ಟೆ ಹೊತ್ತು ನಡೆದೆ. ಷೆಡ್ಡಿನ ಬಾಗಿಲಲ್ಲಿ ಅಕ್ಕಯ್ಯಮ್ಮ, ತಲೆಯಿಂದ ಕಾಲವರೆಗೆ ಬೆಳ್ಳಗೆ, ಅಡ್ಡ ನಿಂತಿದ್ದರು.

“ಕಾಲು?”

ತಟ್ಟೆಯನ್ನು ಅವರ ಕೈಗಿತ್ತು ಹೋಗಿ ತೊಳೆದುಕೊಂಡು ಬಂದೆ. ಈ ಸಲ ಹಿಮ್ಮಡಿಯಿಂದಲೇ ಶುರುಮಾಡಿದ್ದೆ.