ಕುಣಿಸಿದರೆ ನಿದ್ದೆ

ಮ್ಯೂಸಿಕ್ ಕ್ಲಾಸಿನಲ್ಲಿ ಗೊರಕೆ ಹೊಡೆಯುವ ವಿದ್ಯಾರ್ಥಿನಿಯನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನನ್ನ ತೊಡೆಯ ಮೇಲೆಯೇ ಇದ್ದಳು.

ವಿರಾಜಪೇಟೆಯಲ್ಲಿ ಪುಟ್ಟ ಮಕ್ಕಳಿಗೆಂದು ಶನಿವಾರದ ಸಂಗೀತ ಕ್ಲಾಸ್ ಶುರುವಾಗಿದೆ. ಸಂಗೀತ ಎಂದರೆ ಸರಿಗಮ ಅಲ್ಲ. ದೊಡ್ಡವರು ಚಾಪೆಯ ಮೇಲೆ ಕಾಲು ಚಾಚಿ ಕೂರಬೇಕು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕು, ಟೀಚರ್ ಹಾಡಿದ ತಾಳಕ್ಕೆ ಮಂಡಿ ಎತ್ತಿ ಎತ್ತಿ ಕುಣಿಸಬೇಕು. ತಾಳ ಮೊದಲು ಮೈಗೆ ಹತ್ತಬೇಕಂತೆ, ಕಿವಿಗೆ ಆಮೇಲೆ. (ನನ್ನ ಮಂಡಿಯ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.)

ನಮ್ಮ ಕಾನ್ವೆಂಟಿನಲ್ಲಿ ಸಿಂಗಿಂಗ್ ಪೀರಿಯಡ್ ಎಂದರೆ ಕೈ ಹಿಂದೆ ಕಟ್ಟಿ ಕಂಬದ ಹಾಗೆ ನಿಲ್ಲುವುದು. ಭುಜ ಚೂರು ಅಲುಗಿದರೂ ಸಿಸ್ಟರ್ ಕಣ್ಣು ಅಲ್ಲಿಗೇ. ಆಗ ಅಲ್ಲಾಡಿದರೆ ತಪ್ಪು, ಈಗ ಅಲ್ಲಾಡದಿದ್ದರೆ ತಪ್ಪು.

ನನ್ನ ಎರಡು ವರ್ಷದ ಮೊಮ್ಮಗಳು ಚಿನ್ನಿ ಅಲ್ಲಾಡಲಿಲ್ಲ. ಸುತ್ತಲಿನ ಮಕ್ಕಳು ಕೇಕೆ ಹಾಕುತ್ತಿದ್ದರೆ ಇವಳು ನನ್ನ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಹೆಬ್ಬೆರಳು ಬಾಯಿಗೆ ಹೋಯಿತು. ಕಣ್ಣು ಮುಚ್ಚಿತು. ಮೊದಲ ವಾರ ಸುಸ್ತು ಅಂದುಕೊಂಡೆವು. ಮುಂದಿನ ವಾರವೂ ಅದೇ.

"ಬೇರೆ ಮಕ್ಕಳೆಲ್ಲ ಎಂಜಾಯ್ ಮಾಡ್ತಾರೆ ಆಂಟಿ. ಇವಳು ರೆಸ್ಪಾಂಡೇ ಮಾಡ್ತಾ ಇಲ್ಲ," ಎಂದರು ಟೀಚರ್, ಮೆಲ್ಲಗೆ.

ಮೆಲ್ಲಗೆ ಹೇಳಿದ ಮಾತೇ ಅಲ್ಲವೇ ಜೋರಾಗಿ ಕೇಳಿಸುವುದು? ಸೊಸೆ ಬಿಂದು ಅಂದಿನಿಂದ ಫೋನಿನಲ್ಲಿ ಹುಡುಕಿದ್ದೇ ಹುಡುಕಿದ್ದು. ಮಗುವಿನ ಬೆನ್ನ ಹಿಂದೆ ನಿಂತು ಸ್ಟೀಲ್ ತಟ್ಟೆ ಬಡಿದು ನೋಡಿದಳು. (ಮಗು ತಿರುಗಿತು. ನಾಯಿಯೂ ತಿರುಗಿತು.) ಆದರೂ ಸಮಾಧಾನವಿಲ್ಲ.

"ಅತ್ತೆ, ಮೈಸೂರಿಗೆ ಕರ್ಕೊಂಡು ಹೋಗಿ ಡಾಕ್ಟರಿಗೆ ತೋರ್ಸುವ. ಏನಾದ್ರೂ ಉಂಟೋ ಎಂತದೋ."

"ಕುಣಿಯದ್ದಕ್ಕೆಲ್ಲ ಡಾಕ್ಟರಾ? ಹಾಗಾದ್ರೆ ಮೊದಲು ನಿನ್ನ ಮಾವನನ್ನು ತೋರ್ಸು. ಮದುವೆಮನೆ ವಾಲಗಕ್ಕೂ ಕಾಲು ಎತ್ತಿದವರಲ್ಲ," ಎಂದೆ.

ಅವಳು ನಗಲಿಲ್ಲ. ಇನ್ನೊಂದು ಶನಿವಾರ ನೋಡುವುದು, ಆಮೇಲೆ ಮೈಸೂರು ಎಂದು ತೀರ್ಮಾನವಾಯಿತು.

ಆ ಶನಿವಾರ ಬಿಂದುವೂ ಬಂದು ನನ್ನ ಪಕ್ಕ ಕೂತಳು. ಹಾಡು ಶುರು, ಮಂಡಿ ಶುರು. ಸೆರಗು, ಹೆಬ್ಬೆರಳು, ಕಣ್ಣು. ಬಿಂದು ಮುಖ ಬೇರೆ ಕಡೆ ತಿರುಗಿಸಿದಳು.

ಅಷ್ಟರಲ್ಲಿ ಟೀಚರ್ "ಸ್ಟಾಪ್!" ಎಂದರು. ಅದೂ ಆಟವೇ. ಹಾಡು ನಿಂತ ಕೂಡಲೇ ಎಲ್ಲರೂ ಕಲ್ಲಾಗಬೇಕು. ನನ್ನ ಮಂಡಿ ಸಂತೋಷದಿಂದ ಕಲ್ಲಾಯಿತು.

ಚಿನ್ನಿ ಕಣ್ಣು ಬಿಟ್ಟಳು. ಸಿಟ್ಟಿನಲ್ಲಿ ಸುತ್ತ ನೋಡಿದಳು. ಬಾಯಿಂದ ಹೆಬ್ಬೆರಳು ತೆಗೆದು ನನ್ನ ತೊಡೆಯ ಮೇಲೆ ತಾನೇ ಧಬಧಬ ಕುಣಿಯತೊಡಗಿದಳು, ನಿಂತುಹೋದ ಹಾಡಿನ ಅದೇ ತಾಳಕ್ಕೆ, ಒಂದು ಪೆಟ್ಟೂ ತಪ್ಪದೆ.

"ಅಜ್ಜಾ, ಜೀಪು ಬಿಡು! ಬಿಡೂ!"

ನಮ್ಮೂರು ಬಿಟ್ಟಂಗಾಲದ ಒಳಗೆ ಮನೆಗೆ ಬರುವ ಪಂಚಾಯಿತಿ ರಸ್ತೆಯನ್ನು ಕಂಡವರಿಗೆ ಇದರ ವಿವರಣೆ ಬೇಡ. ಕಾಣದವರಿಗೆ ಹೇಳುತ್ತೇನೆ: ಅಲ್ಲಿ ಗುಂಡಿಗಳ ನಡುವೆ ಅಷ್ಟಿಷ್ಟು ರಸ್ತೆಯೂ ಇದೆ. ಮಧ್ಯಾಹ್ನ ಮಗು ಹಟ ಹಿಡಿದರೆ ಅಜ್ಜ ಜೀಪು ತೆಗೆಯುತ್ತಾರೆ, ನಾನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇನೆ. ಎರಡು ತಿರುವು ದಾಟುವುದರೊಳಗೆ ನಿದ್ದೆ. ಕುಲುಕಾಟ ನಿಂತರೆ ಎಚ್ಚರ. ಹುಟ್ಟಿದಾಗಿನಿಂದ ಅವಳಿಗೆ ಅದೇ ತೊಟ್ಟಿಲು.

"ತಾಳ ಪರ್ಫೆಕ್ಟ್ ಉಂಟಲ್ಲ ಆಂಟಿ!" ಎಂದರು ಟೀಚರ್. ಬಿಂದು ನಕ್ಕಳು, ಕಣ್ಣೂ ಒರೆಸಿಕೊಂಡಳು. ಮೈಸೂರು ಕ್ಯಾನ್ಸಲ್.

ಎಲ್ಲರೂ ಕುಣಿಯುವಾಗ ಕುಣಿಯದ ಮಗುವಿಗೆ ಏನೋ ಕೊರತೆ ಎಂದು ನಾವು ಎಷ್ಟು ಬೇಗ ಹೆದರುತ್ತೇವೆ! ಅದು ತನ್ನ ಪಾಡಿಗೆ ಆರಾಮಾಗಿ ಜೀಪಿನಲ್ಲಿ ಕೂತಿರುತ್ತದೆ.

ಮನೆಗೆ ವಾಪಸಾಗುವಾಗ ಅದೇ ಗುಂಡಿ ರಸ್ತೆಯ ಬದಿಯಲ್ಲಿ ಹೊಸ ಜಲ್ಲಿ ರಾಶಿ ಕಂಡಿತು. ಈ ಬೇಸಗೆಯಲ್ಲಿ ಡಾಂಬರು ಹಾಕುತ್ತಾರಂತೆ. ಊರಿಗೆಲ್ಲ ಖುಷಿ.

ಸರಿ, ಆಮೇಲೆ ಮಧ್ಯಾಹ್ನ ಮಗುವನ್ನು ಮಲಗಿಸಲು ಪಂಚಾಯಿತಿಯವರು ಬರುತ್ತಾರಾ?